ನಗಿಸುವವರ ಆತ್ಮಕಥೆ, ನಿದ್ದೆಗೆಡಿಸುವ ಕಾದಂಬರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸ್ಯ ಕಲಾವಿದರ ಆತ್ಮಕಥೆಗಳು ಹಾಗೂ ಸಸ್ಪೆನ್ಸ್ ಕಾದಂಬರಿಗಳ ಬಗ್ಗೆ ತಮ್ಮ ಅನುಭವವನ್ನೂ ಸಂದೇಹಗಳನ್ನೂ ಬರೆದು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಪತ್ರ ಬರೆದವರಲ್ಲಿ ಹಲವರು ಈ ಎರಡೂ ಬಗೆಯ ಪುಸ್ತಕಗಳನ್ನು ‘ಹೊತ್ತು ಕಳೆಯಲು ಓದುವಂಥವು’ ಎಂದು ಒಂದೇ ಮಾತಿನಲ್ಲಿ ಬದಿಗೆ ಸರಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನಗಿಸುವುದನ್ನು ವೃತ್ತಿ ಮಾಡಿಕೊಂಡವರಿಗೂ ಸಸ್ಪೆನ್ಸ್ ಬರೆಯುವವರಿಗೂ ಬೇಕಾದ ಕಸುಬು ಒಂದೇ. ಯಾವ ವಿಷಯವನ್ನು ಯಾವ ಗಳಿಗೆಯಲ್ಲಿ ಹೇಳಬೇಕು, ಅಲ್ಲಿಯವರೆಗೆ ಅದನ್ನು ಹೇಗೆ ತಡೆದಿಟ್ಟುಕೊಳ್ಳಬೇಕು ಎಂಬುದು ಇಬ್ಬರಿಗೂ ಗೊತ್ತಿರಬೇಕು; ಜೊತೆಗೆ, ಹಾಗೆ ತಡೆದಿಡುವಾಗ ಎದುರಿಗಿರುವವರ ನಂಬಿಕೆಯನ್ನು ಮುರಿಯಬಾರದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆಯ್ದ ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಯಾವ ಕಾದಂಬರಿಯ ಕೊನೆಯನ್ನೂ ಇಲ್ಲಿ ಬಯಲು ಮಾಡಿಲ್ಲ.

ಪ್ರಶ್ನೆ: ನಗಬಹುದೆಂದುಕೊಂಡು ಚಾರ್ಲಿ ಚಾಪ್ಲಿನ್ ಅವರ ಆತ್ಮಕಥೆಯನ್ನು ಓದಲು ಕುಳಿತೆ. ಮೊದಲ ಭಾಗದ ತುಂಬ ಹಸಿವು, ಅನಾಥಾಶ್ರಮ, ತಾಯಿಯ ಮಾನಸಿಕ ಕಾಯಿಲೆ. ಕೊನೆಯ ಭಾಗದ ತುಂಬ ದೊಡ್ಡವರೊಂದಿಗಿನ ಭೇಟಿ, ಔತಣ. ಇದು ಒಳ್ಳೆಯ ಪುಸ್ತಕವೆಂದು ಎಲ್ಲರೂ ಹೇಳುವುದೇಕೆ?
(ನಿವೃತ್ತ ಶಿಕ್ಷಕಿ, ಸಾಗರ)

ಉತ್ತರ: ನಿಮ್ಮ ಅಸಮಾಧಾನದಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ, ಇನ್ನರ್ಧದ ವಿಷಯದಲ್ಲಿ ಆ ಪುಸ್ತಕದ ಪರವಾಗಿ ವಾದಿಸುತ್ತೇನೆ. 1964ರಲ್ಲಿ ಪ್ರಕಟವಾದ ‘ಮೈ ಆಟೋಬಯೋಗ್ರಫಿ’ಯ ಆರಂಭದಲ್ಲಿ ಬರುವ ಆಲ್ಡರ್‌ಶಾಟ್ ರಂಗಮಂದಿರದ ಪ್ರಸಂಗವನ್ನು ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಓದಿ. ಚಾಪ್ಲಿನ್ ಅವರ ತಾಯಿ ಹ್ಯಾನಾ ಗಾಯಕಿ. ಪ್ರೇಕ್ಷಕರಲ್ಲಿ ಹೆಚ್ಚಿನವರು ಸೈನಿಕರಾಗಿದ್ದ ಆ ಊರಿನಲ್ಲಿ ಹಾಡುತ್ತಿರುವಾಗಲೇ ಆಕೆಯ ಗಂಟಲು ಕೈಕೊಟ್ಟಿತು. ಜನ ಗೇಲಿ ಮಾಡತೊಡಗಿದರು. ಆಕೆ ರಂಗದಿಂದ ಹಿಂದೆ ಸರಿಯಬೇಕಾಯಿತು. ಪರದೆಯ ಪಕ್ಕದಲ್ಲಿ ನಿಂತಿದ್ದ ಐದು ವರ್ಷದ ಮಗನನ್ನು ರಂಗವ್ಯವಸ್ಥಾಪಕ ಕೈಹಿಡಿದು ಕರೆತಂದು ದೀಪಗಳ ಮುಂದೆ ನಿಲ್ಲಿಸಿದ. ಹುಡುಗ ಅರ್ಧ ಹಾಡು ಹಾಡುವಷ್ಟರಲ್ಲಿ ನಾಣ್ಯಗಳು ಬಂದು ಬೀಳತೊಡಗಿದವು. ಅವನು ಹಾಡು ನಿಲ್ಲಿಸಿ, ಮೊದಲು ದುಡ್ಡು ಹೆಕ್ಕಿಕೊಂಡು ಆಮೇಲೆ ಹಾಡುತ್ತೇನೆಂದು ಸಭೆಗೆ ಹೇಳಿದ. ಜನ ನಕ್ಕರು. ವ್ಯವಸ್ಥಾಪಕ ಕರವಸ್ತ್ರ ಹಿಡಿದು ನಾಣ್ಯ ಆರಿಸಲು ಬಂದಾಗ, ಈತ ತಾನೇ ಇಟ್ಟುಕೊಂಡುಬಿಟ್ಟಾನೆಂಬ ಆತಂಕದಿಂದ ಹುಡುಗ ಅವನ ಬೆನ್ನಹಿಂದೆಯೇ ಹೋಗಿ, ಹಣ ತಾಯಿಯ ಕೈಸೇರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮರಳಿ ಬಂದ. ನಗು ಇನ್ನೂ ಹೆಚ್ಚಿತು. ಕೊನೆಗೆ ಅವನು ಏನೂ ತಿಳಿಯದ ಮುಗ್ಧತೆಯಲ್ಲಿ ತಾಯಿಯ ಹಾಡೊಂದನ್ನು, ಆಕೆಯ ಧ್ವನಿ ಒಡೆಯುವುದನ್ನೂ ಸೇರಿಸಿ, ಅನುಕರಿಸಿ ಹಾಡಿದ. ಸಭೆ ಚಪ್ಪಾಳೆ ತಟ್ಟಿತು. ರಂಗದ ಮೇಲೆ ಅದು ಮಗನ ಮೊದಲ ಪ್ರವೇಶ, ತಾಯಿಯ ಕೊನೆಯ ಪ್ರವೇಶ ಎಂದು ಚಾಪ್ಲಿನ್ ಬರೆಯುತ್ತಾರೆ.

ನಗು ಎಲ್ಲಿ ಹೋಯಿತೆಂದು ಕೇಳುವವರಿಗೆ ಉತ್ತರ ಈ ಪ್ರಸಂಗದಲ್ಲಿಯೇ ಇದೆ ಎಂದು ನನಗನಿಸುತ್ತದೆ. ಅಲ್ಲಿ ನಗು ಪ್ರೇಕ್ಷಕರದು, ನೋವು ರಂಗದ ಹಿಂದೆ ನಿಂತ ಹೆಂಗಸಿನದು. ಎರಡನ್ನೂ ಒಟ್ಟಿಗೆ ಕಂಡವನು ಐದು ವರ್ಷದ ಹುಡುಗ. ಮುಂದೆ ಕಸಾಯಿಖಾನೆಗೆ ಒಯ್ಯುವಾಗ ತಪ್ಪಿಸಿಕೊಂಡ ಕುರಿಯ ಪ್ರಸಂಗವೂ ಬರುತ್ತದೆ. ಜನ ಅದನ್ನು ಹಿಡಿಯಲು ಎಡವಿ ಬೀಳುವುದನ್ನು ನೋಡಿ ನಕ್ಕ ಹುಡುಗ, ಅದು ಸಿಕ್ಕಿಬಿದ್ದ ಮೇಲೆ ಮುಂದೇನಾಗುವುದೆಂದು ಹೊಳೆದು, ಅಳುತ್ತ ಮನೆಗೆ ಓಡುತ್ತಾನೆ. ತಮ್ಮ ಚಿತ್ರಗಳಲ್ಲಿ ದುಃಖ ಮತ್ತು ಹಾಸ್ಯ ಬೆರೆತಿರುವುದಕ್ಕೆ ಈ ಘಟನೆಯೇ ಬೀಜವಾಗಿರಬಹುದೇ ಎಂದು ಚಾಪ್ಲಿನ್ ಸ್ವತಃ ಯೋಚಿಸುತ್ತಾರೆ. ಹಾಸ್ಯ ಕಲಾವಿದನ ಆತ್ಮಕಥೆಯಿಂದ ನಾವು ಪಡೆಯಬೇಕಾದದ್ದು ಇಂತಹ ತಿಳಿವಳಿಕೆಯನ್ನು. ನಗಲು ಅವರ ಚಿತ್ರಗಳೇ ಇವೆ.

ಉತ್ತರಾರ್ಧದ ಬಗ್ಗೆ ನೀವು ಹೇಳಿರುವುದು ನಿಜ. ಹೆಸರುಗಳ ಮೆರವಣಿಗೆಯಲ್ಲಿ ಬರಹ ಸೊರಗುತ್ತದೆ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರನ್ನು ಕಂಡ ಭಾಗ ಮಾತ್ರ ಇದಕ್ಕೆ ಹೊರತು. ಯಂತ್ರಗಳ ಮೇಲೆ ನಿಮಗೇಕೆ ಇಷ್ಟು ವಿರೋಧ ಎಂದು ಚಾಪ್ಲಿನ್ ಅಲ್ಲಿ ನೇರವಾಗಿ ಕೇಳುತ್ತಾರೆ, ಉತ್ತರವನ್ನು ಗೌರವದಿಂದ ದಾಖಲಿಸುತ್ತಾರೆ. ನನಗೆ ಹೆಚ್ಚು ಬೇಸರ ತಂದದ್ದು ಅವರು ಬಿಟ್ಟುಬಿಟ್ಟ ಸಂಗತಿಗಳು. ಎರಡನೆಯ ಮದುವೆಯ ವಿಷಯದಲ್ಲಿ, ಬೆಳೆದ ಮಕ್ಕಳಿರುವುದರಿಂದ ವಿವರಕ್ಕೆ ಹೋಗುವುದಿಲ್ಲವೆಂದು ಅವರು ಹೇಳಿಯೇ ಮುಂದೆ ಸಾಗುತ್ತಾರೆ. ಅದು ನ್ಯಾಯವಾದ ಮೌನ. ಆದರೆ ಫ್ರೆಡ್ ಕಾರ್ನೋ ಅವರ ಹಾಸ್ಯ ತಂಡದಲ್ಲಿ ತಮ್ಮ ಜೊತೆಗೇ ಅಮೆರಿಕಕ್ಕೆ ಬಂದಿದ್ದ, ತಮಗೆ ಬದಲಿ ನಟರಾಗಿದ್ದ, ಮುಂದೆ ಲಾರೆಲ್–ಹಾರ್ಡಿ ಜೋಡಿಯಿಂದ ಹೆಸರಾದ ಸ್ಟಾನ್ ಲಾರೆಲ್ ಅವರ ಹೆಸರನ್ನೇ ಪುಸ್ತಕದಲ್ಲಿ ಎತ್ತಿಲ್ಲ. ಹೇಳುವುದಿಲ್ಲವೆಂದು ತಿಳಿಸಿ ಸುಮ್ಮನಾಗುವುದಕ್ಕೂ, ಅಂಥದೊಂದು ಇತ್ತೆಂಬುದೇ ಓದುಗರಿಗೆ ಗೊತ್ತಾಗದಂತೆ ಸುಮ್ಮನಾಗುವುದಕ್ಕೂ ಬಹಳ ಅಂತರವಿದೆ.

ಪ್ರಶ್ನೆ: ನಾನು ಓದಬೇಕೆಂದಿದ್ದ ಸಸ್ಪೆನ್ಸ್ ಕಾದಂಬರಿಯೊಂದರ ಕೊನೆಯನ್ನು ಹಾಸ್ಟೆಲಿನ ಗೆಳೆಯನೊಬ್ಬ ಹೇಳಿಬಿಟ್ಟ. ಇನ್ನು ಅದನ್ನು ಓದಿ ಏನು ಪ್ರಯೋಜನ?
(ಪದವಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಪ್ರಯೋಜನ ಇದೆಯೋ ಇಲ್ಲವೋ ಎಂಬುದು ಆ ಕಾದಂಬರಿಯ ಗುಣವನ್ನು ಅವಲಂಬಿಸಿದೆ. ಚಿತ್ರನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೊ ಅವರಿಗೆ ನೀಡಿದ ದೀರ್ಘ ಸಂದರ್ಶನದಲ್ಲಿ ಕೊಟ್ಟ ಒಂದು ಉದಾಹರಣೆಯನ್ನು ನೋಡಿ. ಇಬ್ಬರು ಮೇಜಿನ ಬಳಿ ಕುಳಿತು ಮಾತನಾಡುತ್ತಿದ್ದಾರೆ. ಮೇಜಿನ ಕೆಳಗಿದ್ದ ಬಾಂಬು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಪ್ರೇಕ್ಷಕರಿಗೆ ಹದಿನೈದು ಸೆಕೆಂಡುಗಳ ಬೆಚ್ಚಿಬೀಳುವಿಕೆ ಸಿಕ್ಕಿತು, ಅಷ್ಟೆ. ಬಾಂಬು ಅಲ್ಲಿದೆ, ಒಂದು ಗಂಟೆಗೆ ಸಿಡಿಯುತ್ತದೆ, ಈಗ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು ಆಗಿದೆ ಎಂದು ಪ್ರೇಕ್ಷಕರಿಗೆ ಮೊದಲೇ ತೋರಿಸಿದರೆ, ಅದೇ ಸಪ್ಪೆ ಮಾತುಕತೆಯನ್ನು ಅವರು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾರೆ. ಅಂದರೆ ಸಸ್ಪೆನ್ಸ್ ಹುಟ್ಟುವುದು ಓದುಗನಿಗೆ ಏನೂ ತಿಳಿಯದಿರುವುದರಿಂದಲ್ಲ. ತಿಳಿದೂ ತಡೆಯಲಾಗದೆ ನೋಡುತ್ತ ಕೂರಬೇಕಾದ ಸ್ಥಿತಿಯಿಂದ.

ಪೆಟ್ರೀಷಿಯಾ ಹೈಸ್ಮಿತ್ ಅವರು 1955ರಲ್ಲಿ ಬರೆದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಇದಕ್ಕೆ ಬಹಳ ಒಳ್ಳೆಯ ನಿದರ್ಶನ. ಕೊಲೆಗಾರ ಯಾರೆಂಬುದು ಅಲ್ಲಿ ಗುಟ್ಟೇ ಅಲ್ಲ. ನಾವು ಕಥೆಯುದ್ದಕ್ಕೂ ಅವನ ಹೆಗಲ ಮೇಲಿಂದಲೇ ಜಗತ್ತನ್ನು ನೋಡುತ್ತಿರುತ್ತೇವೆ. ಪೊಲೀಸರು ಬಾಗಿಲು ತಟ್ಟಿದಾಗ ಈತ ಸಿಕ್ಕಿಬೀಳದಿರಲಿ ಎಂದು ನಮ್ಮ ಮನಸ್ಸೇ ಹಾರೈಸತೊಡಗುತ್ತದೆ, ಮರುಕ್ಷಣ ಆ ಹಾರೈಕೆಗೆ ನಮಗೇ ಅಳುಕಾಗುತ್ತದೆ. ಇಂಥ ಪುಸ್ತಕಕ್ಕೆ ಗೆಳೆಯನ ಮಾತಿನಿಂದ ಹಾನಿಯಿಲ್ಲ. ಕೊನೆಯ ಎರಡು ಪುಟಕ್ಕಾಗಿಯೇ ಉಳಿದ ಮುನ್ನೂರು ಪುಟಗಳನ್ನು ಕಟ್ಟಿದ ಪುಸ್ತಕವಾಗಿದ್ದರೆ, ಅದನ್ನು ಬಿಟ್ಟುಬಿಡಿ, ನಷ್ಟವೇನೂ ಇಲ್ಲ. ಹಾಗೆಂದು ಕಥೆಯ ಕೊನೆಯನ್ನು ಕೇಳದೆಯೇ ಹೇಳುವ ಅಭ್ಯಾಸವನ್ನು ನಾನು ಸಮರ್ಥಿಸುತ್ತಿಲ್ಲ. ಮೊದಲ ಓದಿನಲ್ಲಿ ತಾನಾಗಿ ಕಂಡುಕೊಳ್ಳುವ ಹಕ್ಕು ಪ್ರತಿಯೊಬ್ಬ ಓದುಗನದು.

ಪ್ರಶ್ನೆ: ಸ್ಟ್ಯಾಂಡ್‌ಅಪ್ ಹಾಸ್ಯಗಾರರ ಪುಸ್ತಕಗಳಲ್ಲಿ ಹೆಚ್ಚಿನವು ವೇದಿಕೆಯ ಜೋಕುಗಳನ್ನೇ ಪ್ಯಾರಾಗಳನ್ನಾಗಿ ಜೋಡಿಸಿದಂತೆ ಇರುತ್ತವೆ. ನಿಜವಾಗಿ ಓದಬೇಕಾದವು ಯಾವುವು?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಎರಡನ್ನು ಧೈರ್ಯವಾಗಿ ಹೇಳುತ್ತೇನೆ. ಮೊದಲನೆಯದು ಅಮೆರಿಕದ ಸ್ಟೀವ್ ಮಾರ್ಟಿನ್ ಅವರ ‘ಬಾರ್ನ್ ಸ್ಟ್ಯಾಂಡಿಂಗ್ ಅಪ್’, 2007ರದು. ಹತ್ತನೆಯ ವಯಸ್ಸಿನಲ್ಲಿ ಡಿಸ್ನಿಲ್ಯಾಂಡಿನಲ್ಲಿ ಮಾಹಿತಿ ಪುಸ್ತಿಕೆ ಮಾರುತ್ತಿದ್ದ ಹುಡುಗ, ಅಲ್ಲಿನ ಮ್ಯಾಜಿಕ್ ಅಂಗಡಿಯಲ್ಲಿ ಕೈಚಳಕ ಕಲಿತು, ಮುಂದೆ ಕ್ರೀಡಾಂಗಣಗಳನ್ನು ತುಂಬಿಸುವ ಹಾಸ್ಯಗಾರನಾಗಿ, 1981ರಲ್ಲಿ ಆ ವೃತ್ತಿಯನ್ನೇ ಕೈಬಿಟ್ಟ ಕಥೆ ಇದು. ಒಟ್ಟು ಹದಿನೆಂಟು ವರ್ಷಗಳ ವೇದಿಕೆಯ ಬದುಕಿನಲ್ಲಿ ಹತ್ತು ವರ್ಷ ಕಲಿಯುವುದಕ್ಕೆ, ನಾಲ್ಕು ವರ್ಷ ತಿದ್ದುವುದಕ್ಕೆ ಹೋದವು, ಯಶಸ್ಸಿಗೆ ಉಳಿದದ್ದು ನಾಲ್ಕೇ ವರ್ಷ ಎಂದು ಅವರು ಲೆಕ್ಕ ಕೊಡುತ್ತಾರೆ. ತಂದೆಯೊಂದಿಗಿನ ಬಿಗುವಾದ ಸಂಬಂಧದ ಬಗ್ಗೆ ಅವರು ಬರೆದಿರುವುದೂ ಅಷ್ಟೇ ಹದವಾಗಿದೆ, ಎಲ್ಲಿಯೂ ಕನಿಕರ ಬೇಡುವುದಿಲ್ಲ. ಈ ಅಂಕಣದ ವಿಷಯಕ್ಕೆ ಬಹಳ ಹತ್ತಿರವಾದ ಮಾತೊಂದು ಅದರಲ್ಲಿದೆ. ಹಾಸ್ಯಗಾರ ಸಭಿಕರಲ್ಲಿ ಒಂದು ಬಿಗಿತವನ್ನು ಕಟ್ಟುತ್ತ ಹೋಗಿ, ಕೊನೆಯ ಮಾತಿನಿಂದ ಅದನ್ನು ಸಡಿಲಿಸಿದಾಗ ನಗು ಬರುತ್ತದೆ; ಆ ಕೊನೆಯ ಮಾತನ್ನೇ ಹೇಳದೆ ಬಿಗಿತವನ್ನು ಹಾಗೆಯೇ ಉಳಿಸಿದರೆ ಜನ ಎಲ್ಲಿ ನಗಬೇಕೆಂಬುದನ್ನು ತಾವೇ ಆರಿಸಿಕೊಳ್ಳಬೇಕಾಗುತ್ತದೆ ಎಂದು ಅವರಿಗೆ ಹೊಳೆಯುತ್ತದೆ. ಸಸ್ಪೆನ್ಸ್ ಕಾದಂಬರಿಕಾರರು ಕೂತು ಓದಬೇಕಾದ ಪುಟಗಳಿವು.

ಎರಡನೆಯದು ದಕ್ಷಿಣ ಆಫ್ರಿಕಾದ ಟ್ರೆವರ್ ನೋವಾ ಅವರು 2016ರಲ್ಲಿ ಪ್ರಕಟಿಸಿದ ‘ಬಾರ್ನ್ ಎ ಕ್ರೈಮ್’. ಇವರು ಹುಟ್ಟಿದ್ದು 1984ರಲ್ಲಿ. ತಾಯಿ ಕರಿಯರ ಷೋಸಾ ಸಮುದಾಯದವರು, ತಂದೆ ಸ್ವಿಟ್ಜರ್ಲೆಂಡಿನ ಬಿಳಿಯರು. ಬಿಳಿಯರಿಗೂ ಕರಿಯರಿಗೂ ದೈಹಿಕ ಸಂಬಂಧ ಕೂಡದೆಂದು 1927ರಲ್ಲಿ ಕಾನೂನಿನ ಮೂಲಕ ತಂದ ನಿಷೇಧ ಆಗಲೂ ಜಾರಿಯಲ್ಲಿದ್ದುದರಿಂದ ಈ ಮಗುವಿನ ಹುಟ್ಟೇ ಅಪರಾಧಕ್ಕೆ ಸಾಕ್ಷಿಯಾಗಿತ್ತು. ಉದ್ಯಾನವೊಂದರಲ್ಲಿ ಪುಟ್ಟ ಟ್ರೆವರ್ ತಂದೆಯನ್ನು ಕಂಡು ‘ಡ್ಯಾಡಿ’ ಎಂದು ಕೂಗುತ್ತ ಓಡುತ್ತಾನೆ. ಸುತ್ತಲಿನವರು ತಿರುಗಿ ನೋಡಿದೊಡನೆ ತಂದೆ ಗಾಬರಿಯಿಂದ ಓಡತೊಡಗುತ್ತಾರೆ. ಮಗು ಇದೊಂದು ಆಟವೆಂದುಕೊಂಡು ಅಟ್ಟಿಸಿಕೊಂಡು ಹೋಗುತ್ತದೆ. ಇನ್ನು ಮಲತಂದೆಯ ವಿಷಯ. ಆತ ಪುಸ್ತಕದಲ್ಲಿ ಬೇಗನೆ ಕಾಣಿಸಿಕೊಳ್ಳುತ್ತಾನೆ, ಆದರೆ ಆತನಿಂದ ಆಗುವ ಅನಾಹುತದ ಸುಳಿವನ್ನಷ್ಟೇ ಮೊದಲು ಕೊಟ್ಟು, ಪೂರ್ಣ ವಿವರವನ್ನು ಲೇಖಕರು ಕೊನೆಯ ಅಧ್ಯಾಯದವರೆಗೆ ತಡೆದಿಡುತ್ತಾರೆ. ನಗುತ್ತ ಓದುತ್ತಿರುವಾಗಲೇ ಏನೋ ಕಾದಿದೆ ಎಂಬ ಅಳುಕು ಒಳಗೊಳಗೇ ಬೆಳೆಯುತ್ತ ಹೋಗುತ್ತದೆ. ಆತ್ಮಕಥೆಯೊಂದು ಪತ್ತೇದಾರಿ ಪುಸ್ತಕಕ್ಕಿಂತ ಬಿಗಿಯಾಗಿ ಹಿಡಿದು ಕೂರಿಸಬಲ್ಲದು ಎಂಬುದಕ್ಕೆ ನಾನು ಎಲ್ಲರಿಗೂ ಇದನ್ನೇ ಸೂಚಿಸುತ್ತೇನೆ.

ಜೋಕುಗಳ ಜೋಡಣೆಯನ್ನು ಗುರುತಿಸಲು ಒಂದು ದಾರಿಯೂ ಇದೆ. ನಗು ಬಾರದೆ ಸೋತ ಒಂದು ಸಂಜೆಯನ್ನು ಲೇಖಕ ಹೇಗೆ ಬರೆದಿದ್ದಾನೆ ನೋಡಿ. ಎಷ್ಟು ಜನರಿದ್ದರು, ಯಾವ ಮಾತು ಬಿದ್ದುಹೋಯಿತು, ಮರುದಿನ ಅದರಲ್ಲಿ ಏನು ಬದಲಿಸಿದ ಎಂಬ ವಿವರವಿದ್ದರೆ ಆ ಪುಸ್ತಕವನ್ನು ನಂಬಬಹುದು.

ಪ್ರಶ್ನೆ: ನಾನು ಕೊನೆಯ ಪುಟ ಓದಿಯೇ ಕಾದಂಬರಿ ಆರಂಭಿಸುತ್ತೇನೆ. ಮನೆಯವರೆಲ್ಲ ಬೈಯುತ್ತಾರೆ. ಇದು ತಪ್ಪೇ?
(ಗೃಹಿಣಿ, ಚಿತ್ರದುರ್ಗ)

ಉತ್ತರ: ತಪ್ಪಲ್ಲ. ಮನಸ್ಸಿಗೆ ಆತಂಕ ತಡೆಯದವರು ಹಾಗೆ ಓದುತ್ತಾರೆ, ಓದಿ ಸಂತೋಷವನ್ನೂ ಪಡೆಯುತ್ತಾರೆ. ಒಂದೇ ಕೋರಿಕೆ: ಪತ್ತೇದಾರಿ ಕಾದಂಬರಿಗಳಲ್ಲಿ ಒಂದನ್ನಾದರೂ ಆರಂಭದಿಂದ ಓದಿ ನೋಡಿ.

ಪ್ರಶ್ನೆ: ಗುಬ್ಬಿ ವೀರಣ್ಣನವರ ಕಾಲದಿಂದ ಇಂದಿನವರೆಗೆ ನಮ್ಮಲ್ಲಿ ಎಷ್ಟೊಂದು ಹಾಸ್ಯ ನಟರಾಗಿ ಹೋದರು. ಅವರ ಆತ್ಮಕಥೆಗಳು ಮಾತ್ರ ಏಕಿಷ್ಟು ಕಡಿಮೆ?
(ಹವ್ಯಾಸಿ ರಂಗನಟ, ಹಾಸನ)

ಉತ್ತರ: ನೀವು ಹೆಸರಿಸಿದ ವೀರಣ್ಣನವರೇ ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯನ್ನು ನಮಗೆ ಬಿಟ್ಟುಹೋಗಿದ್ದಾರೆ. ಕಂಪನಿಯ ಮಾಲೀಕರೆಂದು ಅವರನ್ನು ನೆನೆಯುವವರು ಅವರು ಮೂಲತಃ ಹಾಸ್ಯನಟರೆಂಬುದನ್ನು ಮರೆಯುತ್ತಾರೆ. ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರಕ್ಕಾಗಿಯೇ ಜನ ಸೇರುತ್ತಿದ್ದರು. ಬಾಲನಟನಾಗಿ ಕಂಪನಿ ಸೇರಿದವರು ಅದರ ಒಡೆಯರಾಗುವವರೆಗಿನ ಬದುಕನ್ನು ಓದುವಾಗ, ಊರಿಂದೂರಿಗೆ ಸಾಮಾನು ಸಾಗಿಸುವುದು, ಥಿಯೇಟರ್ ಕಟ್ಟುವುದು, ಸಾಲ, ಮಳೆ, ಕಲೆಕ್ಷನ್ ಇವುಗಳ ನಡುವೆಯೇ ಪ್ರತಿ ರಾತ್ರಿ ನಗಿಸಬೇಕಾದ ಕೆಲಸ ಎಂಥದೆಂದು ತಿಳಿಯುತ್ತದೆ. ರಂಗದ ಹಾಸ್ಯಗಾರರ ಸಾಲಿಗೆ ಸೇರದಿದ್ದರೂ, ಹಾಸ್ಯವನ್ನೇ ಬರೆದು ಬಾಳಿದ ಬೀಚಿಯವರ ‘ನನ್ನ ಭಯಾಗ್ರಫಿ’ಯನ್ನೂ ಇದರ ಜೊತೆಗೆ ಓದಬೇಕು.

ಕಡಿಮೆ ಏಕೆ ಎಂಬುದಕ್ಕೆ ನನಗೆ ತೋಚುವ ಕಾರಣಗಳು ಹೀಗಿವೆ. ಕಂಪನಿ ನಾಟಕದ ನಟರ ಬದುಕು ಪ್ರಯಾಣದಲ್ಲಿಯೇ ಸವೆಯುತ್ತಿತ್ತು. ಅನೇಕರಿಗೆ ಮಾತಿನ ಮೇಲೆ ಇದ್ದ ಹಿಡಿತ ಬರಹದ ಮೇಲೆ ಇರಲಿಲ್ಲ, ಬರೆದುಕೊಳ್ಳಲು ಪಕ್ಕದಲ್ಲಿ ಯಾರೂ ಕೂರಲಿಲ್ಲ. ಕೆಲವರಿಗೆ ಹಿಂದಿರುಗಿ ನೋಡುವ ವಯಸ್ಸೇ ಸಿಗಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದು ಕಾಲು ಶತಮಾನ ನಾಡನ್ನು ನಗಿಸಿದ ನರಸಿಂಹರಾಜು ಅವರು 1979ರಲ್ಲಿ, ಐವತ್ತಾರು ತುಂಬುವ ಮೊದಲೇ ತೀರಿಕೊಂಡರು. ನಾಯಕನಟರ ಬಗ್ಗೆ ಬರುವಷ್ಟು ಪುಸ್ತಕಗಳು ಹಾಸ್ಯನಟರ ಬಗ್ಗೆ ಬರಬೇಕೆಂದು ಪ್ರಕಾಶಕರಿಗೂ ಅನಿಸಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ನೀವು ರಂಗನಟರಾಗಿರುವುದರಿಂದ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಜಿಲ್ಲೆಯಲ್ಲಿ ಕಂಪನಿಗಳಲ್ಲಿ ಹಾಸ್ಯ ಪಾತ್ರ ಮಾಡಿ ಈಗ ಮನೆಯಲ್ಲಿರುವ ಹಿರಿಯರಿದ್ದರೆ, ಮೊಬೈಲಿನಲ್ಲಿ ಅವರ ಮಾತನ್ನು ಮುದ್ರಿಸಿಕೊಳ್ಳಿ. ‘ನಿಮ್ಮ ಜೀವನ ಹೇಳಿ’ ಎಂದು ಕೇಳಬೇಡಿ. ಒಂದು ಪಾತ್ರ, ಒಂದು ದೃಶ್ಯವನ್ನು ಹಿಡಿದು, ಜನ ಎಲ್ಲಿ ನಗುತ್ತಿದ್ದರು, ಯಾವ ಊರಿನಲ್ಲಿ ನಗಲಿಲ್ಲ ಎಂದು ಕೇಳಿ. ಉಳಿದದ್ದು ತಾನಾಗಿ ಬರುತ್ತದೆ. ಅದನ್ನು ಬರಹಕ್ಕಿಳಿಸಿ ಕಳುಹಿಸಿದರೆ ಪರಿಶೀಲಿಸಿ ಪ್ರಕಟಿಸಲು ನಮ್ಮ ಪತ್ರಿಕೆ ಸಿದ್ಧವಿದೆ.

ಪ್ರಶ್ನೆ: ನಮ್ಮ ಗ್ರಂಥಾಲಯಕ್ಕೆ ಪತ್ತೇದಾರಿ ಕಾದಂಬರಿಗಳನ್ನು ಕೊಳ್ಳಬೇಕೆಂದರೆ, ಅವು ಸಾಹಿತ್ಯವಲ್ಲ ಎಂದು ಸಮಿತಿಯ ಹಿರಿಯರು ಅಡ್ಡಿಪಡಿಸುತ್ತಾರೆ. ಏನು ಹೇಳಲಿ?
(ಗ್ರಂಥಪಾಲಕ, ಕುಂದಾಪುರ)

ಉತ್ತರ: ಎನ್. ನರಸಿಂಹಯ್ಯನವರ ಹೆಸರು ಹೇಳಿ. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಯಲ್ಲಿ ಓದಿದ್ದ ಅವರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನಂಥ ಪಾತ್ರಗಳಿಗಾಗಿ ಜನ ಬಾಡಿಗೆ ಪುಸ್ತಕದ ಅಂಗಡಿಗಳ ಮುಂದೆ ಕಾಯುತ್ತಿದ್ದ ಕಾಲವೊಂದಿತ್ತು. ಪಠ್ಯಪುಸ್ತಕದ ಆಚೆಗೆ ಇಡೀ ಪುಸ್ತಕವೊಂದನ್ನು ಮೊದಲ ಬಾರಿಗೆ ಓದಿ ಮುಗಿಸಿದ್ದು ಅವರದನ್ನೇ ಎಂದು ಹೇಳುವ ಹಿರಿಯರು ನಿಮ್ಮ ಸಮಿತಿಯಲ್ಲಿಯೂ ಇರಬಹುದು, ವಿಚಾರಿಸಿ. ಆ ಕಾದಂಬರಿಗಳ ಭಾಷೆ ಸರಳ, ಘಟನೆಗಳ ಓಟ ವೇಗ, ಪಾತ್ರಗಳು ಹೆಚ್ಚು ಬೆಳೆಯುವುದಿಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ಇಂಗ್ಲಿಷಿನಲ್ಲಿಯೂ ವಿಲ್ಕಿ ಕಾಲಿನ್ಸ್ ಅವರ ‘ದಿ ವುಮನ್ ಇನ್ ವೈಟ್’ 1859–60ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಮುಂದಿನ ಕಂತಿಗಾಗಿ ಜನರನ್ನು ಕಾಯಿಸಿತ್ತು. ಇಂದು ಅದನ್ನು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತಾರೆ. ಗ್ರಂಥಾಲಯದ ಬಾಗಿಲಿನವರೆಗೆ ಜನರನ್ನು ಕರೆತರುವ ಪುಸ್ತಕಗಳನ್ನು ಹೊರಗಿಟ್ಟರೆ, ಒಳಗಿರುವ ಪುಸ್ತಕಗಳನ್ನು ಓದುವವರು ಎಲ್ಲಿಂದ ಬರಬೇಕು?

ಪ್ರಶ್ನೆ: ಕೊನೆಯಲ್ಲಿ ಎಲ್ಲವನ್ನೂ ತಿರುವು ಮುರುವು ಮಾಡುವ ಕಾದಂಬರಿಗಳು ಮೋಸವೆನಿಸುತ್ತವೆ. ನ್ಯಾಯವಾದ ತಿರುವು ಯಾವುದು?
(ವಕೀಲರು, ಮೈಸೂರು)

ಉತ್ತರ: ಈ ಜಗಳಕ್ಕೆ ನೂರು ವರ್ಷಗಳ ಇತಿಹಾಸವಿದೆ. ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ 1926ರಲ್ಲಿ ಬಂದಾಗ ಕೆಲವು ಓದುಗರು ವಂಚಿತರಾದೆವೆಂದು ಸಿಟ್ಟಾದರು. ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಅದನ್ನು ಸಮರ್ಥಿಸಿದರು. 1929ರಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಹತ್ತು ನಿಯಮಗಳನ್ನೇ ಬರೆದರು: ಅಪರಾಧಿ ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು, ದೈವಿಕ ಶಕ್ತಿಗಳನ್ನು ತರಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಇತ್ಯಾದಿ. ನಿಯಮಗಳ ಪಟ್ಟಿಗಿಂತ ಎರಡನೆಯ ಓದನ್ನು ನಾನು ಹೆಚ್ಚು ನಂಬುತ್ತೇನೆ. ಕ್ರಿಸ್ಟಿಯವರ ಆ ಕಾದಂಬರಿಯನ್ನು ಉತ್ತರ ತಿಳಿದ ಮೇಲೆ ಮತ್ತೊಮ್ಮೆ ಓದಿ. ಮೊದಲ ಸಲ ಗಮನಿಸದೆ ದಾಟಿಹೋದ ವಾಕ್ಯಗಳು ಅಲ್ಲಿಯೇ ಇರುತ್ತವೆ, ಅಕ್ಷರಶಃ ನಿಜವಾಗಿಯೇ ಇರುತ್ತವೆ. ಅವುಗಳನ್ನು ತಪ್ಪಾಗಿ ಅರ್ಥ ಮಾಡಿಕೊಂಡವರು ನಾವು. ಓದುಗನ ಗಮನವನ್ನು ಬೇರೆಡೆ ಸೆಳೆಯುವ ಅಧಿಕಾರ ಲೇಖಕನಿಗಿದೆ, ಸುಳ್ಳು ಹೇಳುವ ಅಧಿಕಾರವಿಲ್ಲ. ಸಾಕ್ಷಿಯನ್ನು ಕಡತದಲ್ಲಿ ಸೇರಿಸದೆ ತೀರ್ಪು ಪಡೆಯಲಾಗದು ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗಳು ಇಂಗ್ಲಿಷ್ ಥ್ರಿಲ್ಲರುಗಳನ್ನು ಬಿಡದೆ ಓದುತ್ತಾಳೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಮಾತ್ರ ಹಿಂಜರಿಯುತ್ತಾಳೆ. ಕನ್ನಡದಲ್ಲಿ ಯಾವುದರಿಂದ ಆರಂಭಿಸಲಿ?
(ಕನ್ನಡಿಗ ತಂದೆ, ದುಬೈ)

ಉತ್ತರ: ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ನಿಂದ. 1994ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ, ಏಲಕ್ಕಿ ಮಾರಲು ಹೊರಟ ಯುವ ಕೃಷಿಕ ದಂಪತಿ ಒಂದೇ ದಿನದೊಳಗೆ ಮಲೆನಾಡಿನ ಕಳ್ಳದಂಧೆಗಳ ಜಾಲದಲ್ಲಿ ಸಿಲುಕುತ್ತಾರೆ. ಕಾಡು, ಬಸ್ಸು, ರೈಲು, ಹಣ ಇವೆಲ್ಲ ಕಥೆಯೊಳಗೆ ಎಷ್ಟು ಸಹಜವಾಗಿ ಬೆರೆತಿವೆಯೆಂದರೆ, ಊರು ಬಿಟ್ಟು ಬೆಳೆದ ಮಗುವಿಗೂ ಪಶ್ಚಿಮಘಟ್ಟದ ಆ ನೆಲ ಕಣ್ಣಿಗೆ ಕಟ್ಟುತ್ತದೆ. ಮೊದಲ ಕೆಲವು ಅಧ್ಯಾಯಗಳನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಅವಳಿಗೆ ಮಾತಿನ ಕನ್ನಡ ಬರುವುದರಿಂದ ಸಂಭಾಷಣೆಗಳು ಥಟ್ಟನೆ ಅರ್ಥವಾಗುತ್ತವೆ, ಅಪರಿಚಿತ ಪದಗಳನ್ನು ಅಲ್ಲಲ್ಲಿ ವಿವರಿಸಿದರೆ ಸಾಕು. ಒಂದು ದಿನಕ್ಕೆ ಒಂದೇ ಅಧ್ಯಾಯ ಓದಿ ನಿಲ್ಲಿಸಿ. 1985ರ ‘ಚಿದಂಬರ ರಹಸ್ಯ’ವನ್ನು ಎರಡು ಮೂರು ವರ್ಷಗಳ ನಂತರಕ್ಕೆ ಇಟ್ಟುಕೊಳ್ಳಿ. ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ತನಿಖೆಯ ಎಳೆ ಅದರಲ್ಲಿದ್ದರೂ, ಒಂದು ಊರಿನ ಜಾತಿ, ರಾಜಕೀಯ, ಮೂಢನಂಬಿಕೆಗಳ ಕಡೆಗೇ ಕಾದಂಬರಿಯ ನಿಜವಾದ ಗಮನವಿದೆ. ಅದು ಅವಳನ್ನು ತಟ್ಟಬೇಕಾದರೆ ಇನ್ನಷ್ಟು ಲೋಕಾನುಭವ ಬೇಕು.